ನಾಲ್ಕರಿಂದ ಹದಿನೈದು

"ನಂಬರು ಹೇಳಿ ಸಾರ್," ಎಂದು ಮೋನು ಎರಡನೇ ಸಲ ಕೇಳಿದಾಗಲೂ ಯಜ್ಞೇಶನ ಬಾಯಿಂದ ಬಂದದ್ದು ಅದೇ ಮಾತು: "ಒಂದು ನಿಮಿಷ." ಆ ಒಂದು ನಿಮಿಷ ಶುರುವಾಗಿ ಆಗಲೇ ಕಾಲು ಗಂಟೆಯಾಗಿತ್ತು.

ದೋಹಾದ ಅಲ್ ಮನ್ಸೂರಾ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹೋಟೆಲಿಗೂ ಮನಿ ಎಕ್ಸ್‌ಚೇಂಜಿಗೂ ನಡುವೆ ಸಿಕ್ಕಿಹಾಕಿಕೊಂಡ ಟೈಲರ್ ಅಂಗಡಿ ಅದು. ಇಬ್ಬರು ಒಳಗೆ ನಿಂತರೆ ಮೂರನೆಯವನು ಹೊರಗೇ. ಉಳ್ಳಾಲದ ಮೋನು ಮೂವತ್ತು ವರ್ಷದಿಂದ ಅಲ್ಲಿ ಕೂತು ಯೂನಿಫಾರ್ಮು, ಪರದೆ, ಅಬಾಯಾದ ಅಂಚು ಹೊಲಿಯುತ್ತಿದ್ದಾನೆ. ಈ ವಾರ ಮಾತ್ರ ಅವನ ಮೇಜಿನ ತುಂಬ ತೋಳಿಲ್ಲದ ಬಿಳಿ ಬನಿಯನ್‌ಗಳ ರಾಶಿ. ಮಷಿನ್ನಿನ ಮೇಲ್ಗಡೆ ಗೋಡೆಗೆ ಅಂಟಿಸಿದ ಚೀಟಿಯಲ್ಲಿ, ಬನಿಯನ್‌ಗಳ ಆರ್ಡರು ಕೊಟ್ಟ ಸವಾದನ ದಪ್ಪ ಅಕ್ಷರ: 'ಪ್ರಿಂಟ್ ಬೇಡ. ಆಗಿನ ಹಾಗೆಯೇ ಕೆಂಪು ಬಟ್ಟೆ ಕತ್ತರಿಸಿ ಹೊಲಿಯುವುದು. ಬೆನ್ನಿಗೆ ಒಂದು ಗೇಣು, ಎದೆಗೆ ಅರ್ಧ ಗೇಣು. ನಂಬರು 4ರಿಂದ 15. 1, 2, 3 ಇಲ್ಲವೇ ಇಲ್ಲ.'

"ಅದೆಂತಕೆ ಸಾರ್ ಒಂದು, ಎರಡು, ಮೂರು ಇಲ್ಲದ್ದು?" ಮೋನು ಕತ್ತರಿಯಲ್ಲೇ ಚೀಟಿ ತೋರಿಸಿದ. "ನಾನು ಶಾಲೆಗೆ ಹೋದದ್ದು ಕಡಿಮೆ, ಆದ್ರೂ ಲೆಕ್ಕ ಒಂದರಿಂದಲೇ ಶುರು ಅಲ್ವಾ?"

"ಬಾಸ್ಕೆಟ್‌ಬಾಲಲ್ಲಿ ರೆಫ್ರಿ ಬೆರಳೆತ್ತಿ ತೋರಿಸ್ತಾರೆ, ಒಂದು ಪಾಯಿಂಟು, ಎರಡು ಪಾಯಿಂಟು, ಮೂರು ಅಂತ. ಆಟಗಾರನ ನಂಬರನ್ನೂ ಬೆರಳಲ್ಲೇ ತೋರಿಸ್ಬೇಕು. ಎರಡೂ ಸೇರಿ ಗೊಂದಲ ಆಗ್ಬಾರ್ದು ಅಂತ ನಮ್ಮ ಕಾಲದಲ್ಲಿ ಬನಿಯನ್ ನಂಬರು ನಾಲ್ಕರಿಂದ ಶುರು. ತಂಡಕ್ಕೆ ಹನ್ನೆರಡು ಜನ. ಹದಿನೈದಕ್ಕೆ ಖಲಾಸ್. ಈಗ ಬಿಡಿ, ತೊಂಬತ್ತೊಂಬತ್ತರವರೆಗೆ ಯಾವುದೂ ಆಗ್ತದೆ."

"ಹಾಗಾದ್ರೆ ನಿಮ್ಮದು ಎಷ್ಟು?"

"ಒಂಬತ್ತು," ಎಂದ ಯಜ್ಞೇಶ. ಆಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಸ್ವರ ತಗ್ಗಿಸಿ, "ಇನ್ನೊಂದು ಬೇಕು. ಮೂರು," ಎಂದ.

ಮೋನು ಕನ್ನಡಕದ ಮೇಲಿಂದ ಅವನನ್ನು ನೋಡಿದ. "ಮೂರು ಇಲ್ಲ ಅಂತ ಈಗಷ್ಟೇ ಅರ್ಧ ಗಂಟೆ ಪಾಠ ಮಾಡಿದ್ದು ಯಾರು ಮಾರಾಯ್ರೆ? ಅದೂ ಒಬ್ಬ ಮನುಷ್ಯನಿಗೆ ಎರಡು ನಂಬರಾ?"

"ಒಂದು ಮನೆಗೆ, ಒಂದು ಆಟಕ್ಕೆ. ನೀವು ಹೊಲೀರಿ ಮೋನು, ದಮ್ಮಯ್ಯ. ಸವಾದನಿಗೆ ಹೇಳ್ಬೇಡಿ."

ಪಾಪ, ಅವನ ಸಂಕಟ ಇಷ್ಟೇ. ಯಜ್ಞೇಶ ಜನ್ಮದಲ್ಲಿ ಒಂದು ಪಂದ್ಯವನ್ನೂ ಆಡಿದವನಲ್ಲ. ಮಂಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಬೆಳಗ್ಗೆ ಐದೂವರೆಗೆ ಎದ್ದು ಸಿಮೆಂಟಿನ ಅಂಗಳದಲ್ಲಿ ಎಲ್ಲರ ಜೊತೆ ಓಡಿದ್ದು ನಿಜ, ಚೆಂಡಿನ ಚೀಲ ಹೊತ್ತದ್ದು ನಿಜ, ಮೊಣಕಾಲು ಕಿತ್ತುಕೊಂಡದ್ದೂ ನಿಜ. ಆದರೆ ಟೂರ್ನಮೆಂಟಿನ ಹಿಂದಿನ ಸಂಜೆ ಕೋಚ್ ನಾರಾಯಣಸ್ವಾಮಿ ಸರ್ ಕಬ್ಬಿಣದ ಟ್ರಂಕು ತೆರೆದು, ಹೆಸರು ಕರೆದು ಬನಿಯನ್ ಕೊಡುತ್ತಿದ್ದರಲ್ಲ, ಆ ಟ್ರಂಕಿನಲ್ಲಿ ಇದ್ದದ್ದು ಹನ್ನೆರಡೇ. ನಾಲ್ಕು ಕ್ಯಾಪ್ಟನ್ ಸವಾದನಿಗೆ. ಐದು, ಆರು, ಏಳು ಎನ್ನುತ್ತ ಹದಿನೈದರವರೆಗೆ ಬಂದು ಸರ್ ಟ್ರಂಕಿನ ಮುಚ್ಚಳ ಹಾಕುತ್ತಿದ್ದರು. ಯಜ್ಞೇಶ ಹದಿಮೂರನೆಯವ. "ಬರುವ ವರ್ಷ ನೋಡುವಾ," ಎಂದು ಸರ್ ಎರಡು ವರ್ಷವೂ ಹೇಳಿದರು.

ಸುಳ್ಳು ಅವನು ಹೇಳಿದ್ದೂ ಅಲ್ಲ, ಮೊದಮೊದಲು. ಹೆಣ್ಣು ನೋಡಲು ಹೋದಾಗ ಸೋದರಮಾವ ಹುಡುಗಿಯ ಅಪ್ಪನ ಹತ್ತಿರ, "ನಮ್ಮ ಹುಡುಗ ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದವ," ಎಂದು ಬಿಟ್ಟ. ಜ್ಯೋತ್ಸ್ನಾ ತಲೆಯೆತ್ತಿ ನೋಡಿದಳು. ಆ ನೋಟ ಕಳಕೊಳ್ಳಲು ಯಾರಿಗೆ ಮನಸ್ಸಾದೀತು? ಯಜ್ಞೇಶ ಸುಮ್ಮನಿದ್ದ. ಸುಮ್ಮನಿದ್ದದ್ದು ವರ್ಷಗಳಲ್ಲಿ ಬೆಳೆಯಿತು. ಮಗಳು ಗ್ರೀಷ್ಮಾ ಐದು ವರ್ಷದವಳಿದ್ದಾಗ ಒಂದು ದಿನ ಅವನ ತೊಡೆಯ ಮೇಲೆ ಕೂತು, "ಪಪ್ಪಾ, ನಿನ್ನ ನಂಬರ್ ಎಷ್ಟು?" ಎಂದು ಕೇಳಿದಳು. ಮೂರು ಎಂದ. ಹೇಳಿದ್ದು ಎರಡೇ ಅಕ್ಷರದ ಮಾತು. ಈಗ ಅವಳಿಗೆ ಹದಿನಾಲ್ಕು. ಶಾಲೆಯ ತಂಡದಲ್ಲಿದ್ದಾಳೆ, ಬೆನ್ನ ಮೇಲೆ ದೊಡ್ಡ ಮೂರು.

ಕಳೆದ ವರ್ಷ ಸವಾದ್ ದಮ್ಮಾಮ್ ಬಿಟ್ಟು ದೋಹಾಕ್ಕೆ ಬಂದ. ಅವನ ಹೆಂಡತಿ ಶೈಮಾ ಕೆಲಸಕ್ಕೆ ಸೇರಿದ್ದು ಜ್ಯೋತ್ಸ್ನಾ ನರ್ಸ್ ಆಗಿರುವ ಕ್ಲಿನಿಕ್ಕಿನ ಲ್ಯಾಬಿನಲ್ಲೇ. ದೇವರು ಕೆಲವರನ್ನು ಹುಡುಕಿಕೊಂಡು ಬಂದು ಕಾಡುತ್ತಾನೆ. ಈ ವಾರದ ಶುರುವಿನಲ್ಲಿ ಇಬ್ಬರು ಹೆಂಗಸರು ಚಹಾ ಕುಡಿಯುತ್ತ ಊರು, ಕಾಲೇಜು ಎಂದು ಮಾತು ತೆಗೆದದ್ದೇ ತಡ, ಸವಾದನ ಫೋನು ಬಂತು.

"ಯಾರು, ಯಜ್ಞನಾ? ನಮ್ಮ ಯಜ್ಞನಾ? ಎಲ್ಲಿ ಸತ್ತಿದ್ದಿ ಮಾರಾಯ ಇಷ್ಟು ವರ್ಷ! ಕೇಳು, ಶುಕ್ರವಾರ ಗರಾಫಾದಲ್ಲಿ ಮ್ಯಾಚ್ ಉಂಟು. ಹಳೇ ನಮೂನೆ. ಹಳೇ ಬನಿಯನ್, ಕ್ಯಾನ್ವಾಸ್ ಶೂ, ಹಳೇ ರೂಲ್ಸ್. ನಮಗೆ ಜನ ಕಡಿಮೆ. ವಿಕಾಸ್ ಕೆನಡಾದಲ್ಲಿದ್ದಾನೆ, ಅವನ ಒಂಬತ್ತು ನೀನು ಹಾಕ್ಕೋ. ಯಲ್ಲಾ, ಬಂದುಬಿಡು, ಮಾತಿಲ್ಲ."

ಇವನು ಹದಿಮೂರನೆಯವನು ಎಂಬುದನ್ನು ಸವಾದ್ ಮರೆತಿದ್ದನೋ, ನೆನಪಿದ್ದೂ ಬಾಯಿಬಿಡಲಿಲ್ಲವೋ, ತಿಳಿಯಲಿಲ್ಲ. ಒಂಬತ್ತು ಹಾಕಿದರೆ ಮಗಳು ಕೇಳುತ್ತಾಳೆ, ನಿನ್ನ ಮೂರು ಎಲ್ಲಿ ಎಂದು. ಮೂರು ಹಾಕಿದರೆ ಅಂಗಳದಲ್ಲಿ ನಿಂತ ಇಪ್ಪತ್ತು ಜನ ನಗುತ್ತಾರೆ, ಆಗ ಮೂರು ಎಲ್ಲಿತ್ತೋ ಎಂದು. ಯಜ್ಞೇಶನಿಗೆ ನಾಲ್ಕು ದಿನದಿಂದ ಊಟ ರುಚಿಸಿರಲಿಲ್ಲ. ಕಂಪೆನಿಯಲ್ಲಿ ಇನ್ನೂರು ಚೀಲ ಸಿಮೆಂಟಿನ ಆರ್ಡರನ್ನು ಎರಡು ಸಾವಿರ ಎಂದು ಬರೆದು ಬೈಸಿಕೊಂಡ. ಒಂದೇ ಒಂದು ಸಮಾಧಾನವಿತ್ತು: ಶುಕ್ರವಾರ ಜ್ಯೋತ್ಸ್ನಾಗೆ ಡ್ಯೂಟಿ, ಗ್ರೀಷ್ಮಾಗೆ ಮೂರರಿಂದ ಐದು ಶಾಲೆಯ ಪ್ರಾಕ್ಟೀಸು. ಇಬ್ಬರೂ ಬರುವಂತಿಲ್ಲ. ಮನೆಯಲ್ಲಿ ತೋರಿಸಲು ಮೂರು, ಅಲ್ಲಿ ಆಡಲು ಒಂಬತ್ತು. ದಾರಿಯಲ್ಲಿ ಬದಲಾಯಿಸಿದರೆ ಮುಗಿಯಿತು.

ಗುರುವಾರ ಸಂಜೆ ಅಲ್ ಸದ್ದ್‌ನ ತನ್ನ ಮನೆಯಲ್ಲಿ ಅವನು ಮೂರನ್ನು ಬಿಡಿಸಿ ಹಿಡಿದಾಗ ಗ್ರೀಷ್ಮಾ ಕಿರುಚಿದ್ದು ಪಕ್ಕದ ಫ್ಲಾಟಿಗೂ ಕೇಳಿರಬೇಕು. "ಓ ಮೈ ಗಾಡ್ ಪಪ್ಪಾ! ಇದು ಸ್ಟಿಚ್ ಮಾಡಿದ್ದಾ? ರಿಯಲ್ ಓಲ್ಡ್ ಸ್ಟೈಲ್!" ತನ್ನ ಪಾಲಿಯೆಸ್ಟರ್ ಜರ್ಸಿಯನ್ನು ತಂದು ಸೋಫಾದ ಮೇಲೆ ಪಕ್ಕಕ್ಕಿಟ್ಟು ಫೋಟೋ ತೆಗೆದಳು. ಎರಡು ಮೂರುಗಳು. ಅವನು ಬೇಡ ಎನ್ನುವಷ್ಟರಲ್ಲಿ ಫೋಟೋ ಅವಳ ತಂಡದ ಗ್ರೂಪಿಗೆ ಹೋಗಿಯೇ ಬಿಟ್ಟಿತು.

"ನೋಡಿ, ಎಷ್ಟು ಖುಷಿ ಅವಳಿಗೆ," ಎಂದಳು ಜ್ಯೋತ್ಸ್ನಾ, ಬಟ್ಟೆ ಮಡಚುತ್ತ. "ನಿಮ್ಮ ಮುಖ ಮಾತ್ರ ಯಾಕೆ ಇಂಜೆಕ್ಷನ್ ಚುಚ್ಚಿಸಿಕೊಂಡವರ ಹಾಗೆ?"

"ಮೊಣಕಾಲು," ಎಂದ ಯಜ್ಞೇಶ.

ಶುಕ್ರವಾರ ಊಟ ಮುಗಿಸಿ ಅವನು ಚೀಲ ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ ಗ್ರೀಷ್ಮಾಳ ಫೋನು ಟಿಂಗ್ ಎಂದಿತು. ಶಾಲೆಯ ಹಾಲಿನ ಏಸಿ ಕೆಟ್ಟಿದೆ, ಪ್ರಾಕ್ಟೀಸು ಇಲ್ಲ. "ಯೆಸ್! ನಾನು ಬರ್ತೇನೆ!" ಎಂದವಳೇ ಅವನಿಗಿಂತ ಮೊದಲು ಲಿಫ್ಟಿನಲ್ಲಿ ನಿಂತಿದ್ದಳು. ಬೇಡ ಎನ್ನಲು ಒಂದು ಕಾರಣ ಬೇಕಲ್ಲ. ಯಜ್ಞೇಶನ ತಲೆಯಲ್ಲಿ ಒಂದೂ ಹುಟ್ಟಲಿಲ್ಲ. ನಾಲ್ಕನೇ ಮಹಡಿಯಿಂದ ಕೆಳಗೆ ಇಳಿಯುವಷ್ಟರಲ್ಲಿ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಲಿಫ್ಟಿನಲ್ಲಿ ಏಸಿ ಇದ್ದೂ.

ಕಾರು ಹೊರಟಿತು. ಮಧ್ಯಾಹ್ನದ ನಮಾಜು ಮುಗಿದು ರಸ್ತೆ ಖಾಲಿ ಇತ್ತು. ಯಾವ ದಾರಿ ಹಿಡಿಯಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು, ಆದರೆ ಗಾಬರಿಯಲ್ಲಿ ಒಂದು ತಿರುವು ತಪ್ಪಿತು. ತಪ್ಪಿದ್ದಕ್ಕೆ ಇನ್ನೊಂದು ತಪ್ಪು ಮಾಡಿದ. "ಸವಾದ್ ಅಂಕಲ್ ಲೊಕೇಶನ್ ಹಾಕಿದ್ದಾರೆ, ಗ್ರೂಪಲ್ಲಿ ನೋಡು," ಎಂದು ತನ್ನ ಫೋನನ್ನೇ ಮಗಳ ಕೈಗೆ ಕೊಟ್ಟ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಇವನೇ ನಗುತ್ತಿದ್ದ.

ಗ್ರೀಷ್ಮಾ ಬೆರಳಾಡಿಸಿದಳು.

"ಪಪ್ಪಾ, ಇದರಲ್ಲಿ ಲಿಸ್ಟ್ ಉಂಟು. ಫೋರ್ ಸವಾದ್. ನೈನ್, ಯಜ್ಞೇಶ್ ಅಂತ ಉಂಟು."

"ಹಾಂ? ಅದು ಟೈಪ್ ಮಾಡುವಾಗ ತಪ್ಪಾಗಿರ್ಬೇಕು."

"ತ್ರೀ ಇಲ್ಲವೇ ಇಲ್ಲ. ಫೋರಿಂದ ಸ್ಟಾರ್ಟ್ ಆಗ್ತದೆ." ಅವಳು ಮೇಲೆ ಕೆಳಗೆ ಸರಿಸಿದಳು. "ಎಲ್ಲರೂ ಹಳೇ ನಂಬರ್ ಹಾಕ್ಬೇಕು ಅಂತ ಬರೆದಿದ್ದಾರೆ. ನಿಂದು ರಾಂಗ್ ಆದ್ರೆ ಈಗಲೇ ಹೇಳ್ಬೇಕಲ್ಲ. ನಾನು ಅಂಕಲ್‌ಗೆ ಕಾಲ್ ಮಾಡ್ತೇನೆ."

"ಬೇಡ."

"ಒಂದೇ ನಿಮಿಷ ಪಪ್ಪಾ, ರಿಂಗ್ ಆಗ್ತಾ ಉಂಟು..."

ಯಜ್ಞೇಶ ಫೋನು ಕಸಿದುಕೊಂಡು ಆಫ್ ಮಾಡಿದ. ಕಸಿದ ರಭಸಕ್ಕೆ ಕಾರು ಓಲಾಡಿತು, ಹಿಂದಿನ ಲ್ಯಾಂಡ್ ಕ್ರೂಸರ್ ಉದ್ದಕ್ಕೆ ಹಾರ್ನ್ ಬಾರಿಸಿಕೊಂಡು ದಾಟಿ ಹೋಯಿತು. ಅವನು ಒಂದು ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಮಗಳು ಅವನನ್ನೇ ನೋಡುತ್ತಿದ್ದಳು, ಹೆದರಿ.

"ನಾನು ಆಡಿಲ್ಲ ಮಗಾ," ಎಂದ. ಇಷ್ಟು ವರ್ಷ ಗಂಟಲಲ್ಲಿ ಇದ್ದದ್ದು ಹೊರಗೆ ಬರುವಾಗ ಎಷ್ಟು ಸಣ್ಣದಾಗಿ ಬಂತು! "ಟೀಮಲ್ಲಿ ಇರ್ಲಿಲ್ಲ. ಪ್ರಾಕ್ಟೀಸಿಗೆ ಹೋಗ್ತಿದ್ದೆ, ಅಷ್ಟೇ. ಹನ್ನೆರಡೇ ಬನಿಯನ್ ಇದ್ದದ್ದು. ನನಗೆ ಸಿಗ್ಲಿಲ್ಲ."

"ಮತ್ತೆ ತ್ರೀ?"

"ನೀನು ಸಣ್ಣವಳು, ಕೇಳಿದಿ. ನಾಲ್ಕರಿಂದ ಹದಿನೈದು, ಎಲ್ಲದಕ್ಕೂ ಜನ ಇದ್ರು. ನಾಲ್ಕು ಅಂದ್ರೆ ಸವಾದ್, ಒಂಬತ್ತು ಅಂದ್ರೆ ವಿಕಾಸ್. ಅವರೆಲ್ಲ ಬೆವರು ಸುರಿಸಿ ತೆಗೊಂಡ ನಂಬರು. ಅದನ್ನು ನಂದು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಮೂರು ಯಾರದ್ದೂ ಅಲ್ಲ. ಮೂರು ಅಂತ ಬನಿಯನ್ನೇ ಇರ್ಲಿಲ್ಲ. ಅದಕ್ಕೆ ಮೂರು ಅಂದೆ."

ಗ್ರೀಷ್ಮಾ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಾನು ಅಸೆಂಬ್ಲಿಯಲ್ಲಿ ಹೇಳಿದ್ದೇನೆ," ಎಂದಳು. "ಸ್ಪೋರ್ಟ್ಸ್ ಡೇಗೆ. ಸ್ಟೇಜಲ್ಲಿ. ಮೈ ಫಾದರ್ಸ್ ನಂಬರ್ ಅಂತ. ಎಲ್ಲರೂ ಕ್ಲ್ಯಾಪ್ ಮಾಡಿದ್ರು." ಆಮೇಲೆ, "ಮಮ್ಮಿಗೆ ಗೊತ್ತಾ?" ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. "ಮನೆಗೆ ಹೋಗುವನಾ?"

"ಡ್ರೈವ್ ಮಾಡು ಪಪ್ಪಾ. ಅವರು ವೇಟ್ ಮಾಡ್ತಾ ಇರ್ತಾರೆ." ಕಿಟಕಿಯ ಕಡೆ ತಿರುಗಿ ಕೂತವಳು ಗರಾಫಾ ಬರುವವರೆಗೆ ಈ ಕಡೆ ನೋಡಲಿಲ್ಲ.

ಬಾಡಿಗೆಗೆ ಹಿಡಿದ ಹಾಲಿನೊಳಗೆ ಆಗಲೇ ಗದ್ದಲ. ಐವತ್ತರ ಹತ್ತಿರದ ಗಂಡಸರು ಚಿಕ್ಕ ಚಡ್ಡಿ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಒಬ್ಬರನ್ನೊಬ್ಬರು ತಮಾಷೆ ಮಾಡುತ್ತಿದ್ದರು. ಎದುರು ತಂಡ ಉಡುಪಿಯ ಒಂದು ಕಾಲೇಜಿನವರು, ನೀಲಿ ಬನಿಯನ್. ಸವಾದ್ ತೋಳು ಚಾಚಿ ಬಂದ. ತಲೆ ಬೋಳಾಗಿತ್ತು, ನಗು ಹಾಗೆಯೇ ಇತ್ತು.

"ಯಜ್ಞಾ! ಇದು ಮಗಳಾ?" ಗ್ರೀಷ್ಮಾಳ ತಲೆ ಸವರಿದ. "ನಿನ್ನ ಪಪ್ಪ ಎಂತ ಜನ ಗೊತ್ತುಂಟಾ? ಎರಡು ವರ್ಷ ಒಂದು ದಿನ ಪ್ರಾಕ್ಟೀಸ್ ತಪ್ಪಿಸ್ಲಿಲ್ಲ. ನಮ್ಮ ಹನ್ನೆರಡು ಜನರಲ್ಲಿ ಅರ್ಧ ಜನ ಏಳುವ ಮೊದ್ಲು ಇವ ಅಂಗಳ ಗುಡಿಸಿ ಆಗ್ತಿತ್ತು."

ಹಾಗಾದರೆ ಸವಾದನಿಗೆ ಎಲ್ಲವೂ ನೆನಪಿದೆ, ಎಂದುಕೊಂಡ ಯಜ್ಞೇಶ. ಗ್ರೀಷ್ಮಾ ನೆಲ ನೋಡುತ್ತ, "ಗೊತ್ತುಂಟು ಅಂಕಲ್," ಎಂದಳು.

"ನಿನಗೆ ಸ್ಕೋರ್‌ಶೀಟ್ ಬರೀಲಿಕ್ಕೆ ಬರ್ತದಾ? ಬರೀಬೇಕಾದವ ಕೈ ಕೊಟ್ಟ." ಉತ್ತರಕ್ಕೆ ಕಾಯದೆ ಸವಾದ್ ಅವಳನ್ನು ಮೇಜಿನ ಹಿಂದೆ ಕೂರಿಸಿದ. ಕಾಗದದ ಹಾಳೆ, ಎರಡು ಬಣ್ಣದ ಪೆನ್ನು, ಪಕ್ಕದಲ್ಲಿ ಹಿಡಿಕೆ ಇಟ್ಟ ಐದು ಪ್ಲೈವುಡ್ ಹಲಗೆ, ಒಂದರಿಂದ ಐದರವರೆಗೆ ಅಂಕೆ ಬರೆದದ್ದು. "ಯಾರಾದ್ರೂ ಫೌಲ್ ಮಾಡಿದ್ರೆ ಅದು ಅವನ ಎಷ್ಟನೇ ಫೌಲೋ ಆ ಹಲಗೆ ಎತ್ತಿ ತೋರಿಸ್ಬೇಕು. ಐದಾದ್ರೆ ಅವ ಹೊರಗೆ. ನಿಮ್ಮ ಕಂಪ್ಯೂಟರ್ ಬೋರ್ಡ್ ಇಲ್ಲಿಲ್ಲ. ಇನ್ನೊಂದು ಉಂಟು. ನಾರಾಯಣಸ್ವಾಮಿ ಸರ್ ರೂಲು. ಫೌಲ್ ಮಾಡಿದವ ಮೇಜಿನ ಕಡೆ ಮುಖ ಮಾಡಿ ಕೈ ಎತ್ತಬೇಕು. ನಾನೇ ಮಾಡಿದ್ದು ಅಂತ. ನಾವು ಎಷ್ಟು ಬೈಗುಳ ತಿಂದಿದ್ದೇವೆ ಅದಕ್ಕೆ!"

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಯಜ್ಞೇಶ ಒಂಬತ್ತನ್ನು ತಲೆಯ ಮೇಲಿಂದ ಎಳೆದುಕೊಂಡ. ಮೋನುವಿನ ಹೊಲಿಗೆ ಬೆನ್ನಿಗೆ ಚುಚ್ಚುತ್ತಿತ್ತು. ಇದನ್ನು ಹಾಕಿದ ದಿನ ಎಷ್ಟು ಸಂತೋಷವಾದೀತೆಂದು ಇಪ್ಪತ್ತರ ವಯಸ್ಸಿನಲ್ಲಿ ಅವನು ನೂರು ಸಲ ಯೋಚಿಸಿದ್ದುಂಟು. ಈಗ ಅವನಿಗೆ ನಾಚಿಕೆಯಾಯಿತು, ಬೇರೆ ಏನೂ ಆಗಲಿಲ್ಲ.

ಮೊದಲರ್ಧ ಅವನು ಬೆಂಚಿನಲ್ಲಿ. ಸವಾದ್ ಗೂಳಿಯ ಹಾಗೆ ನುಗ್ಗಿ ಆಡಿದ, ಹಾಗೆ ನುಗ್ಗಿಯೇ ನಾಲ್ಕು ಫೌಲ್ ಮಾಡಿಕೊಂಡ. ಪ್ರತಿ ಸಲವೂ ನಗುತ್ತ ಕೈ ಎತ್ತಿದ, ಗ್ರೀಷ್ಮಾ ಹಲಗೆ ಎತ್ತಿದಳು. ಯಜ್ಞೇಶ ಅವಳನ್ನೇ ನೋಡುತ್ತಿದ್ದ. ಅವಳು ಎಲ್ಲರನ್ನೂ ನೋಡುತ್ತಿದ್ದಳು, ಬೆಂಚಿನಲ್ಲಿ ಅವನು ಕೂತ ತುದಿಯನ್ನು ಬಿಟ್ಟು.

ಎರಡನೇ ಅರ್ಧದಲ್ಲಿ ಒಬ್ಬನ ಮೀನಖಂಡ ಹಿಡಿದುಕೊಂಡಿತು. "ಯಜ್ಞಾ, ಯಲ್ಲಾ!" ಎಂದು ಸವಾದ್ ಕೂಗಿದ. ಇವನು ಮೇಜಿನ ಹತ್ತಿರ ಹೋಗಿ ನಿಂತ, ಬದಲಿ ಆಟಗಾರ ನಂಬರು ಹೇಳಬೇಕಲ್ಲ. "ನೈನ್," ಎಂದ. ಗ್ರೀಷ್ಮಾ ತಲೆಯೆತ್ತದೆ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಒಂದು ಗುರುತು ಹಾಕಿದಳು.

ಆಡಿದನೇ? ಓಡಿದ ಎನ್ನಬಹುದು. ಚೆಂಡು ಎರಡು ಸಲ ಕೈಗೆ ಬಂತು, ಎರಡು ಸಲವೂ ಸುಟ್ಟುಕೊಂಡವನಂತೆ ಬೇರೆಯವರಿಗೆ ದಾಟಿಸಿದ. ಎರಡು ನಿಮಿಷ ಉಳಿದಿತ್ತು, ಸವಾದನ ಬಿಳಿ ತಂಡ ಒಂದು ಪಾಯಿಂಟು ಮುಂದೆ. ನೀಲಿ ಬನಿಯನ್ನಿನ ಎತ್ತರದ ಒಬ್ಬ ಬುಟ್ಟಿಯ ಕಡೆ ನುಗ್ಗಿದ. ಸವಾದ್ ಒಂದು ಕಡೆಯಿಂದ ಹಾರಿದ, ಯಜ್ಞೇಶ ಇನ್ನೊಂದು ಕಡೆಯಿಂದ. ಚೆಂಡಿಗೆ ಎಂದು ಬೀಸಿದ ಅವನ ಕೈ ಆ ಮನುಷ್ಯನ ಮೊಣಕೈಗೆ ಫಟ್ ಎಂದು ಬಿತ್ತು. ಸೀಟಿ ಕೂಗಿತು.

ರೆಫ್ರಿ ಒಬ್ಬ ಫಿಲಿಪಿನೊ. ಮೂವರೂ ಒಟ್ಟಿಗೆ ನೆಲಕ್ಕಿಳಿದದ್ದರಲ್ಲಿ ಅವನಿಗೆ ಕಂಡದ್ದು ಸವಾದನ ಅಗಲವಾದ ಬೆನ್ನು. ಮೇಜಿನ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿದ. ನಾಲ್ಕು ನಂಬರಿನ ಸವಾದನಿಗೆ ಇದು ಐದನೇ ಫೌಲು.

"ಅಯ್ಯೋ, ಹೋಯ್ತು!" ಎಂದು ಬೆಂಚಿನಲ್ಲಿ ಯಾರೋ ತಲೆಗೆ ಕೈ ಹೊತ್ತರು. ಸವಾದ್ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ. ತಾನು ಮುಟ್ಟಿದ್ದೆನೋ ಇಲ್ಲವೋ ಅವನಿಗೇ ತಿಳಿದಂತಿರಲಿಲ್ಲ. ಯಾರಿಗೂ ತಿಳಿದಂತಿರಲಿಲ್ಲ. ಯಜ್ಞೇಶನ ಅಂಗೈ ಮಾತ್ರ ಉರಿಯುತ್ತಿತ್ತು. ಸುಮ್ಮನಿರುವುದು ಅವನಿಗೆ ಬಂದಷ್ಟು ಚೆನ್ನಾಗಿ ಬೇರೆ ಯಾವುದೂ ಬರುತ್ತಿರಲಿಲ್ಲ. ಗ್ರೀಷ್ಮಾಳ ಕೈ ಆಗಲೇ ಐದನೇ ಹಲಗೆಯ ಕಡೆ ಹೋಗಿತ್ತು. ಅವನು ಮೇಜಿನ ಕಡೆ ಮುಖ ತಿರುಗಿಸಿದ. ಕೈ ಎತ್ತಿದ.

"ವಾಟ್?" ಎಂದ ರೆಫ್ರಿ.

"ನಾಟ್ ಹಿಮ್. ನೈನ್. ಮೈ ಫೌಲ್," ಎಂದ ಯಜ್ಞೇಶ. ಹಾಲಿಗೆಲ್ಲ ಕೇಳಿಸಲಿ ಎಂದು ಇನ್ನೊಮ್ಮೆ ಹೇಳಿದ, "ನಾನೇ ಮಾಡಿದ್ದು."

ರೆಫ್ರಿ ಅವನನ್ನೂ ನೀಲಿ ಬನಿಯನ್ನಿನವನ ಕೆಂಪಾದ ಮೊಣಕೈಯನ್ನೂ ನೋಡಿದ. ಭುಜ ಹಾರಿಸಿ ಮೇಜಿಗೆ ಮತ್ತೆ ಬೆರಳು ತೋರಿಸಿದ, ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಸವಾದ್ ಏನೋ ಹೇಳಿದ, ಅದು ಯಜ್ಞೇಶನ ಕಿವಿಗೆ ಬೀಳಲಿಲ್ಲ. ಆ ಕಡೆ ಗ್ರೀಷ್ಮಾ ಐದರ ಹಲಗೆಯನ್ನು ಕೆಳಗಿಟ್ಟಳು. ಹಾಳೆಯ ಮೇಲೆ ಬಗ್ಗಿ ಬರೆದಳು. ಅಷ್ಟು ಚಿಕ್ಕ ಗುರುತಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ ಒಂದರ ಹಲಗೆ ಮೇಲೆ ಬಂತು. ಎರಡೂ ಕೈಯಲ್ಲಿ ಹಿಡಿದಿದ್ದಳು, ಮುಖ ಅದರ ಹಿಂದೆ ಕಾಣುತ್ತಿರಲಿಲ್ಲ. ರೆಫ್ರಿ ಚೆಂಡು ಎತ್ತಿಕೊಂಡ, ಆಟಗಾರರು ಫ್ರೀ ಥ್ರೋ ಗೆರೆಯ ಇಕ್ಕೆಲಗಳಲ್ಲಿ ಬಂದು ನಿಂತರು. ಹಲಗೆ ಇಳಿಯಲಿಲ್ಲ. ಯಜ್ಞೇಶನ ಕೈಯೂ ಇಳಿಯಲಿಲ್ಲ.